ಪೆಡ್ಸ್‌ಕ್ಯೂಎಲ್ 23 ಪ್ರಶ್ನೆ ಫಾರ್ಮ್: ಮೂರು ವರ್ಷ ತುಂಬಿಸಿದ ಅಮ್ಮನ ರಿವ್ಯೂ (5ಕ್ಕೆ ಮೂರೂವರೆ ಸ್ಟಾರ್)

ಮಿಕ್ಸಿಗೆ ರಿವ್ಯೂ ಇದೆ, ಕುಕ್ಕರ್ ಗ್ಯಾಸ್ಕೆಟ್‌ಗೆ ರಿವ್ಯೂ ಇದೆ, ಕಾಲೋನಿ ಮೂಲೆಲಿರೋ ಪಾನಿಪುರಿ ಗಾಡಿಗೂ ಇದೆ, ಆದ್ರೆ ಆಸ್ಪತ್ರೆಲಿ ಪ್ಯಾಡಿಗೆ ಸಿಗಿಸಿ ಪೆನ್ನು ದಾರ ಕಟ್ಟಿ ಕೈಗೆ ಕೊಡ್ತಾರಲ್ಲ ಆ ಫಾರ್ಮ್‌ಗೆ, ಅದೇ ಕಾಯಿಲೆ ಇರೋ ಮಗುವಿನ ದಿನದ ಬದುಕು ಹೆಂಗಿದೆ ಅಂತ ಕೇಳೋ ಪೆಡ್ಸ್‌ಕ್ಯೂಎಲ್‌ಗೆ, ಯಾರೂ ರಿವ್ಯೂ ಬರೆದಿದ್ದು ನಾನು ನೋಡಿಲ್ಲ. ಮೂರು ವರ್ಷದಿಂದ ಮೂರ್ ಮೂರು ತಿಂಗಳಿಗೆ ತುಂಬ್ತಾ ಇದೀನಿ, ಗ್ಯಾಸ್ ಬುಕ್ ಮಾಡಿದಷ್ಟೇ ಅಭ್ಯಾಸ ಆಗಿದೆ, ಹಂಗಾಗಿ ನನಗೆ ಹಕ್ಕಿದೆ ಅಂದ್ಕೊಂಡು ಬರೀತಿದೀನಿ. ಉದ್ದ ಆಗುತ್ತೆ, ಮೊದಲೇ ಹೇಳ್ಬಿಡ್ತೀನಿ.

ನನ್ನ ಮಗಳಿಗೆ ಈಗ ಹತ್ತು. ಆರೂವರೆ ವರ್ಷ ಇದ್ದಾಗ ಬೆಳಿಗ್ಗೆ ಎದ್ದ ತಕ್ಷಣ ಮಂಡಿ ಮಡಚೋಕೆ ಆಗ್ತಿರ್ಲಿಲ್ಲ, "ಅಮ್ಮ ಕಾಲು ಹಿಡ್ಕೊಂಡಿದೆ" ಅಂತ ಮಂಚದ ಮೇಲೇ ಕೂತಿರೋಳು, ಹತ್ತು ಗಂಟೆ ಹೊತ್ತಿಗೆ ಸರಿಹೋಗೋದು, ಸಾಯಂಕಾಲ ಆಡ್ತಾ ಇರೋಳು, ಅದಕ್ಕೇ ನಾವು ಸ್ಕೂಲ್ ತಪ್ಪಿಸೋಕೆ ನಾಟಕ ಅಂದ್ಕೊಂಡ್ವಿ, ಒಂದೆರಡು ಏಟೂ ಬಿತ್ತು, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆಮೇಲೆ ಮಂಡಿ ಊದ್ತು, ಮಣಿಕಟ್ಟು ಊದ್ತು, ಬೆರಳ ಗೆಣ್ಣು ಊದ್ತು. ಬೆಂಗಳೂರಿಗೆ ಹೋದ್ಮೇಲೆ ಹೆಸರು ಸಿಕ್ತು: ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ. ಹದಿನಾರು ವರ್ಷದ ಒಳಗೆ ಶುರುವಾಗಿ ಆರು ವಾರಕ್ಕೂ ಮೇಲೆ ಕೀಲು ಊದಿಕೊಂಡಿದ್ದು, ಬೇರೆ ಕಾರಣ ಏನೂ ಸಿಗ್ಲಿಲ್ಲ ಅಂದ್ರೆ ಇದು. ಇಡಿಯೋಪಥಿಕ್ ಅಂದ್ರೇನೇ ಕಾರಣ ಗೊತ್ತಿಲ್ಲ ಅಂತ. ಮೊದಲ ಆರು ತಿಂಗಳಲ್ಲಿ ಐದು ಕೀಲು ಅಥವಾ ಜಾಸ್ತಿ ಹಿಡಿದ್ರೆ ಪಾಲಿ, ಅಂದ್ರೆ ತುಂಬಾ ಕೀಲಿಂದು ಅಂತಾರೆ, ಇವಳದ್ದು ಅದು. ನಮ್ಮತ್ತೆ ಇವತ್ತಿಗೂ ನಂಬಲ್ಲ, "ವಾತ ಅನ್ನೋದು ಮುದುಕರಿಗೆ ಬರೋದು ಕಣೇ, ಕೂಸಿಗೆ ಎಲ್ಲಿಂದ ಬಂತು" ಅಂತಾರೆ.

ವಾರಕ್ಕೊಂದ್ ಸಲ ಮೆಥೊಟ್ರೆಕ್ಸೇಟ್ ಅಂತ ಕೀಲಿನ ಉರಿಯೂತ ಹಿಡಿತಕ್ಕೆ ತರೋ ಔಷಧಿ, ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಪರೀಕ್ಷೆ, ನೋವೇ ಇಲ್ದೆ ಕಣ್ಣೊಳಗೆ ಉರಿಯೂತ ಆಗ್ಬಹುದು ಅಂತ ಕಣ್ಣಿನ ಡಾಕ್ಟರ್ ಹತ್ರ ಚೆಕಪ್. ಇದೆಲ್ಲ ಔಷಧಿ ಕಡೆ ಕಥೆ. ಈ ರಿವ್ಯೂ ಇರೋದು ಇನ್ನೊಂದರ ಬಗ್ಗೆ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ, ಇಎಸ್ಆರ್ ಎಷ್ಟು ಸಿಆರ್‌ಪಿ ಎಷ್ಟು ಅಂತ ಲ್ಯಾಬ್ ಹೇಳುತ್ತೆ, ಆದ್ರೆ ಮಗು ಸ್ಕೂಲ್ ಶೂ ಲೇಸ್ ಕಟ್ಕೊಳ್ತಾಳಾ, ರಾತ್ರಿ ನಿದ್ದೆ ಮಾಡ್ತಾಳಾ, ಪಕ್ಕದ ಮನೆ ಮಕ್ಕಳು ಆಟಕ್ಕೆ ಕರೀತಾರಾ, ಇದನ್ನ ಯಾವ ಲ್ಯಾಬೂ ಹೇಳಲ್ಲ. ಅದಕ್ಕೇ ಈ ಫಾರ್ಮ್.

ಹೆಸರು ಪೆಡ್ಸ್‌ಕ್ಯೂಎಲ್, ಅಮೆರಿಕದ ಜೇಮ್ಸ್ ವಾರ್ನಿ ಅನ್ನೋ ಸೈಕಾಲಜಿಸ್ಟ್ ತಂಡ ಮಾಡಿದ್ದು. 1999ರಲ್ಲಿ ಮೊದಲು ಬಂತು, ನಾವು ತುಂಬ್ತಿರೋ 4.0 ಅನ್ನೋ ವರ್ಷನ್ 2001ರದ್ದು. ಒಟ್ಟು 23 ಪ್ರಶ್ನೆ, ನಾಲ್ಕು ಗುಂಪು: ದೇಹದ್ದು 8, ಮನಸ್ಸಿಂದು 5, ಬೇರೆ ಮಕ್ಕಳ ಜೊತೆ ಹೊಂದಾಣಿಕೆದು 5, ಸ್ಕೂಲಿಂದು 5. ಕಳೆದ ಒಂದು ತಿಂಗಳಲ್ಲಿ ಇದು ಎಷ್ಟು ಸಲ ತೊಂದ್ರೆ ಆಯ್ತು ಅಂತ ಕೇಳ್ತಾರೆ, ಇಲ್ವೇ ಇಲ್ಲ ಅಂದ್ರೆ 0, ಯಾವಾಗ್ಲೂ ಅಂದ್ರೆ 4, ಮಧ್ಯದಲ್ಲಿ ಮೂರು. ಆಮೇಲೆ ಅದನ್ನ ತಿರುಗಿಸ್ತಾರೆ, 0 ಅಂದ್ರೆ 100 ಮಾರ್ಕ್ಸು, 1 ಅಂದ್ರೆ 75, 2ಕ್ಕೆ 50, 3ಕ್ಕೆ 25, 4ಕ್ಕೆ ಸೊನ್ನೆ. ಎಲ್ಲ ಕೂಡಿಸಿ ಸರಾಸರಿ. ಜಾಸ್ತಿ ಬಂದಷ್ಟೂ ಒಳ್ಳೇದು. ಎಸ್ಸೆಲ್ಸಿ ಲೆಕ್ಕದಷ್ಟೂ ಕಷ್ಟ ಇಲ್ಲ, ನಾನು ಬಸ್ಸಲ್ಲೇ ಮೊಬೈಲ್ ಕ್ಯಾಲ್ಕುಲೇಟರ್ ಹಾಕ್ಕೊಂಡು ಮಾಡ್ಕೊಳ್ತೀನಿ. ಒಂದು ಗುಂಪಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆ ಖಾಲಿ ಬಿಟ್ರೆ ಆ ಗುಂಪಿನ ಮಾರ್ಕ್ಸ್ ಲೆಕ್ಕಕ್ಕೇ ತಗೊಳಲ್ಲ, ಇದು ಗೊತ್ತಿರ್ಲಿ, ಬೇಜಾರಾಯ್ತು ಅಂತ ಕೊನೇ ಪುಟ ಬಿಟ್ಬಿಡಬೇಡಿ.

ಇದ್ರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಎರಡು ಫಾರ್ಮ್ ಇರೋದು. ಒಂದು ಮಗುಗೆ, ಒಂದು ಅಪ್ಪ ಅಮ್ಮಂಗೆ. ಪ್ರಶ್ನೆ ಅವೇ, ಉತ್ತರ ಬೇರೆ ಬೇರೆ ಕೂತು ಬರೀಬೇಕು. ಎರಡರಿಂದ ನಾಲ್ಕು ವರ್ಷದವರಿಗೆ ಅಪ್ಪ ಅಮ್ಮನ ಫಾರ್ಮ್ ಮಾತ್ರ, ಐದು ಆದ್ಮೇಲೆ ಮಗುಗೂ ಇದೆ. ಐದರಿಂದ ಏಳು ವರ್ಷದವರಿಗೆ ದೊಡ್ಡವರು ಪ್ರಶ್ನೆ ಓದಿ ಹೇಳ್ತಾರೆ, ಮಗು ಮೂರು ಮುಖದ ಚಿತ್ರದಲ್ಲಿ ಒಂದು ತೋರಿಸ್ಬೇಕು, ನಗೋದು, ಸುಮ್ನಿರೋದು, ಅಳುಮುಖ. ನಮ್ಮವಳು ಏಳು ವರ್ಷ ಇದ್ದಾಗ ಮೊದಲ ಸಲ ಇದನ್ನ ಮಾಡಿದ್ದು. ಎಲ್ಲದಕ್ಕೂ ನಗೋ ಮುಖ ತೋರಿಸಿದ್ಲು. 100ಕ್ಕೆ 100. ಎರಡೂ ಮಂಡಿ ತೆಂಗಿನಕಾಯಿ ಥರ ಊದಿದೆ, ಬಾತ್ರೂಮಿಗೆ ಎತ್ಕೊಂಡು ಹೋಗ್ತಾ ಇದೀವಿ, ಮಾರ್ಕ್ಸ್ ಮಾತ್ರ ಔಟ್ ಆಫ್ ಔಟು. ಯಾಕೆ ಪುಟ್ಟಿ ಅಂದ್ರೆ "ಅದೇ ಚೆನ್ನಾಗಿದೆ ಅಮ್ಮ, ಇನ್ನೊಂದು ನೋಡು ಹೆಂಗಿದೆ" ಅಂದ್ಲು. ಅವಳು ಚಿತ್ರಕ್ಕೆ ಮಾರ್ಕ್ಸ್ ಕೊಟ್ಟಿದ್ದು. ಅರ್ಧ ಸ್ಟಾರ್ ಅಲ್ಲೇ ಹೋಯ್ತು. ತಪ್ಪು ಪೂರ್ತಿ ಫಾರ್ಮಿಂದಲ್ಲ ಅನ್ನೋದೂ ನಿಜ, ಓದಿ ಹೇಳೋರು ಮೊದಲು ಅಭ್ಯಾಸಕ್ಕೆ ಒಂದೆರಡು ಕೇಳಿ ಮಗುಗೆ ಅರ್ಥ ಆಯ್ತಾ ಅಂತ ನೋಡ್ಕೊಂಡು ಮುಂದೆ ಹೋಗ್ಬೇಕು, ಅವತ್ತು ಹೊರಗೆ ನಲವತ್ತು ಜನ ಕ್ಯೂ, ಯಾರಿಗೆ ಪುರುಸೊತ್ತಿತ್ತು.

ಇನ್ನು ಭಾಷೆ ವಿಷಯ. ನಾವು ಮೊದಲು ತೋರಿಸ್ತಿದ್ದ ಕಡೆ ಕೊಟ್ಟಿದ್ದು ಇಂಗ್ಲಿಷ್ ಜೆರಾಕ್ಸು, ಅದೂ ಎಷ್ಟನೇ ಕಾಪಿಯೋ, ಅಂಚಲ್ಲಿ ಅಕ್ಷರ ಎಲ್ಲ ತಿಂದ್ಹೋಗಿತ್ತು. ಇಂಟರ್ನ್ ಹುಡುಗಿ ಒಬ್ಬಳು ಅಲ್ಲೇ ನಿಂತು ಕನ್ನಡ ಮಾಡಿ ಮಾಡಿ ಕೇಳ್ತಿದ್ಲು, ಪಾಪ ಒಳ್ಳೆ ಹುಡುಗಿ, ಆದ್ರೆ ಪ್ರತಿ ಮಗುಗೂ ಬೇರೆ ಬೇರೆ ಮಾತಲ್ಲಿ ಕೇಳಿದ್ರೆ ಅಳತೆ ಒಂದೇ ಹೆಂಗಿರುತ್ತೆ ಹೇಳಿ, ಒಂದೊಂದ್ ಅಂಗಡಿಲಿ ಒಂದೊಂದ್ ಸೇರು ಇದ್ದಂಗೆ. ಮೊದಲನೇ ಪ್ರಶ್ನೆಯೇ ನಡೆಯೋದರ ಬಗ್ಗೆ, ಅಮೆರಿಕದಲ್ಲಿ ದೂರಾನ ಬ್ಲಾಕ್ ಲೆಕ್ಕದಲ್ಲಿ ಹೇಳ್ತಾರಂತೆ, ಈ ಹುಡುಗಿ ಹಂಗೇ "ಒಂದು ಬ್ಲಾಕಿಗಿಂತ ಜಾಸ್ತಿ ನಡಿಯೋಕೆ ಕಷ್ಟ ಆಗುತ್ತಾ?" ಅಂದ್ಲು. ಜೊತೆಗೆ ಬಂದಿದ್ದ ನಮ್ಮತ್ತೆ ಕೇಳಿದ್ರು, "ಯಾವ ಬ್ಲಾಕಮ್ಮ, ಜಯನಗರ ಫೋರ್ತ್ ಬ್ಲಾಕಾ?" ನಗು ಬಂತು, ಆದ್ರೆ ಪಾಯಿಂಟು ಸರಿಯಾಗೇ ಇತ್ತು. ನಾವು ಹಾಸನದ ಪಕ್ಕದ ಹಳ್ಳಿಯವರು. ನಮಗೆ ಬ್ಲಾಕ್ ಇಲ್ಲ, ಮನೆಯಿಂದ ಬಸ್ ಸ್ಟಾಪಿಗೆ, ಬಸ್ ಸ್ಟಾಪಿಂದ ಸ್ಕೂಲಿಗೆ. ಹಂಗೆ ಕೇಳಿದ್ರೆ ಮಗು ಠಕ್ ಅಂತ ಉತ್ತರ ಹೇಳ್ತಾಳೆ.

ಅದಕ್ಕಿಂತ ದೊಡ್ಡ ಫಜೀತಿ ಬೇಜಾರು ಅನ್ನೋ ಪದ. ಮನಸ್ಸಿನ ಗುಂಪಲ್ಲಿ ದುಃಖ ಆಗುತ್ತಾ ಅಂತ ಒಂದಿದೆ. ದುಃಖ ಅಂದ್ರೆ ಮಗುಗೆ ಗೊತ್ತಾಗಲ್ಲ ಅಂತ ಆ ಹುಡುಗಿ "ಬೇಜಾರಾಗುತ್ತಾ?" ಅಂದ್ಲು. ನಮ್ಮಲ್ಲಿ ಬೇಜಾರು ಅಂದ್ರೆ ಏನೇನೆಲ್ಲ! ಟೈಮ್ ಪಾಸ್ ಆಗ್ದಿದ್ರೂ ಬೇಜಾರು, ಉಪ್ಪಿಟ್ಟು ಮಾಡಿದ್ರೂ ಬೇಜಾರು, ಅಜ್ಜಿ ಬೈದ್ರೂ ಬೇಜಾರು, ಯಾರೋ ಸತ್ರೂ ಬೇಜಾರು. ಮಗಳು "ಯಾವಾಗ್ಲೂ" ಅಂದ್ಲು. ಆ ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿದ್ಲು. ಆಮೇಲೆ ಬಿಡಿಸಿ ಕೇಳಿದ್ರೆ "ಆಸ್ಪತ್ರೆಲಿ ಟೀವಿ ಇಲ್ಲ, ಬೇಜಾರು" ಅಂತೆ. ಹಂಗೇ ಕೆಲವೊಮ್ಮೆಗೂ ಆಗಾಗಕ್ಕೂ ಏನು ವ್ಯತ್ಯಾಸ ಅಂತ ಒಂಬತ್ತು ವರ್ಷದ ಮಗುಗೆ ಹೇಳಿಕೊಡೋಕೆ ನನ್ನ ಕೈಲಿ ಆಗ್ಲಿಲ್ಲ, ಕೊನೆಗೆ ವಾರದಲ್ಲಿ ಒಂದ್ ದಿನನಾ, ಮೂರ್ ದಿನನಾ, ದಿನಾನಾ ಅಂತ ಕೈ ಬೆರಳಲ್ಲಿ ಲೆಕ್ಕ ಮಾಡಿಸಿದ್ವಿ. ಇದು ರೂಲ್ಸ್ ಪ್ರಕಾರ ಸರಿನಾ ಅಂತ ಕೇಳ್ಬೇಡಿ.

ಈಗ ತೋರಿಸ್ತಿರೋ ಕ್ಲಿನಿಕ್ಕಲ್ಲಿ ಅಚ್ಚು ಮಾಡಿದ ಕನ್ನಡ ಫಾರ್ಮ್ ಕೊಡ್ತಾರೆ, ಎಲ್ಲರಿಗೂ ಒಂದೇ ಮಾತು, ಅಷ್ಟು ನೆಮ್ಮದಿ. ಯಾರು ಬೇಕಾದ್ರೂ ಮನೇಲಿ ಕೂತು ಅನುವಾದ ಮಾಡಿ ಬಳಸೋ ಹಂಗಿಲ್ಲ, ಫ್ರಾನ್ಸಿನ ಮ್ಯಾಪಿ ರಿಸರ್ಚ್ ಟ್ರಸ್ಟ್ ಮೂಲಕ ಪರ್ಮಿಷನ್ ತಗೋಬೇಕು. ಅದು ಒಳ್ಳೇದೇ ಅನ್ಸುತ್ತೆ ನನಗೆ, ಮೇಲಿನ ಬೇಜಾರಿನ ಕಥೆ ಕೇಳಿದ್ರಲ್ಲ.

ಆದ್ರೆ ಅನುವಾದ ಎಷ್ಟೇ ಚೆನ್ನಾಗಿರ್ಲಿ, ಏನು ಕೇಳಿಲ್ವೋ ಅದನ್ನ ಅನುವಾದ ತಂದುಕೊಡಲ್ಲ. ಸ್ನಾನ ತಾನೇ ಮಾಡೋಕೆ ಕಷ್ಟನಾ ಅಂತ ಕೇಳ್ತಾರೆ. ನಮ್ಮನೇಲಿ ಭಾನುವಾರ ಎಣ್ಣೆ ಹಚ್ಚಿ ಅಜ್ಜಿಯೇ ನೀರು ಹಾಕೋದು, ಕಾಯಿಲೆ ಇಲ್ದಿರೋ ಅವಳ ಅಣ್ಣಂಗೂ ಅವನು ಹೈಸ್ಕೂಲಿಗೆ ಹೋಗೋವರೆಗೂ ಅವರೇ ಹಾಕ್ತಿದ್ರು. ಅದನ್ನ ಏನಂತ ತುಂಬೋದು? ಮನೆ ಕೆಲಸ ಮಾಡೋಕೆ ಕಷ್ಟನಾ ಅಂತ ಇನ್ನೊಂದು. ಕೈ ನೋಯುತ್ತೆ ಅಂತ ನಾವು ಲೋಟ ಕೂಡ ಎತ್ತೋಕೆ ಬಿಡಲ್ಲ, ಹಂಗಾಗಿ ತೊಂದ್ರೆನೇ ಇಲ್ಲ, ಪೂರ್ತಿ ಮಾರ್ಕ್ಸು. ಯಾರ ಮನೇಲಿ ಗಂಡು ಮಕ್ಕಳಿಗೆ ಕೆಲಸನೇ ಹೇಳಲ್ವೋ ಅವರಿಗೂ ಪೂರ್ತಿ ಮಾರ್ಕ್ಸೇ ಇರ್ಬೇಕು.

ಇನ್ನು ನಮ್ಮ ಮಕ್ಕಳ ದಿನ ನಡೆಯೋದು ಅರ್ಧ ನೆಲದ ಮೇಲೆ. ಚಕ್ಕಳಮಕ್ಕಳ ಹಾಕ್ಕೊಂಡು ಕೂರೋದು, ಕೆಳಗಿಂದ ಎದ್ದೇಳೋದು, ಇಂಡಿಯನ್ ಟಾಯ್ಲೆಟ್ಟಲ್ಲಿ ಕುಕ್ಕರಗಾಲಲ್ಲಿ ಕೂರೋದು, ದೇವರಿಗೆ ಅಡ್ಡ ಬೀಳೋದು. ಮಂಡಿ ಊದಿರೋ ಮಗುಗೆ ಇಡೀ ದಿನದಲ್ಲಿ ಇದೇ ದೊಡ್ಡ ಯುದ್ಧ. ಸ್ಕೂಲ್ ಟಾಯ್ಲೆಟ್ಟಲ್ಲಿ ಕೂತ್ರೆ ಏಳೋಕಾಗಲ್ಲ ಅಂತ ನನ್ನ ಮಗಳು ಬೆಳಿಗ್ಗೆಯಿಂದ ನೀರು ಕುಡೀದೆ ಇರ್ತಿದ್ಲು, ನನಗೆ ಎಷ್ಟೋ ತಿಂಗಳು ಗೊತ್ತೇ ಇರ್ಲಿಲ್ಲ, ಬಾಟ್ಲು ತುಂಬಿದ್ದು ತುಂಬಿದಂಗೇ ವಾಪಸ್ ಬರ್ತಿತ್ತು. ಈ 23ರಲ್ಲಿ ಅದರ ಸುಳಿವೇ ಇಲ್ಲ.

ನಿಜ ಹೇಳ್ಬೇಕು ಅಂದ್ರೆ ದಿನದ ಕೆಲಸದ ಬಗ್ಗೆನೇ ಇನ್ನೊಂದು ಫಾರ್ಮ್ ಇದೆ, ಕೀಲು ಕಾಯಿಲೆ ಮಕ್ಕಳಿಗೆ ಅಂತ 1994ರಲ್ಲಿ ಬಂದಿದ್ದು, ಸಿ ಎಚ್ ಎ ಕ್ಯೂ, ಕ್ಲಿನಿಕ್ಕಲ್ಲಿ ಎಲ್ಲರೂ ಚಾಕ್ ಅಂತಾರೆ. 30 ಪ್ರಶ್ನೆ, ಎಂಟು ಗುಂಪು: ಬಟ್ಟೆ ಹಾಕ್ಕೊಳೋದು, ಏಳೋದು, ತಿನ್ನೋದು, ನಡೆಯೋದು, ಸ್ನಾನ ಶೌಚ, ಕೈ ಚಾಚೋದು, ಹಿಡಿತ, ಹೊರಗಿನ ಓಡಾಟ. ಕಳೆದ ಒಂದು ವಾರದ್ದು ಕೇಳ್ತಾರೆ. ಗುಂಡಿ ಹಾಕೋದು, ಲೇಸ್ ಕಟ್ಟೋದು, ನಲ್ಲಿ ತಿರುಗಿಸೋದು ಎಲ್ಲ ಇದೆ, ಈ ವಿಷಯದಲ್ಲಿ ಪೆಡ್ಸ್‌ಕ್ಯೂಎಲ್‌ಗಿಂತ ಎಷ್ಟೋ ವಾಸಿ. ಆದ್ರೆ ತಿನ್ನೋ ಗುಂಪಲ್ಲಿ ಮಾಂಸ ಕತ್ತರಿಸ್ತಾಳಾ ಅಂತಿದೆ, ಹೊಸ ಸೀರಿಯಲ್ ಡಬ್ಬ ಓಪನ್ ಮಾಡ್ತಾಳಾ ಅಂತಿದೆ. ನಮ್ಮ ಕಡೆ ಪರೀಕ್ಷೆ ಇಡೋದಾದ್ರೆ ಬಿಸಿ ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಲ್ಲಿ ಅದ್ದಿ ನುಂಗ್ತಾಳಾ ಅಂತ ಕೇಳ್ಬೇಕು. ಗೆಣ್ಣು ಊದಿದ ದಿನ ಅವಳು ಮುದ್ದೆ ಬೇಡ ಅನ್ನ ಹಾಕು ಅಂತಾಳೆ. ನನಗೆ ಅದೇ ಥರ್ಮಾಮೀಟ್ರು. ಇನ್ನೊಂದು ಗೊಂದಲ ಅಂದ್ರೆ ಚಾಕ್‌ದು 0ಯಿಂದ 3ರವರೆಗೆ, ಅಲ್ಲಿ ಕಮ್ಮಿ ಬಂದ್ರೆ ಒಳ್ಳೇದು, ಇಲ್ಲಿ ಜಾಸ್ತಿ ಬಂದ್ರೆ ಒಳ್ಳೇದು. ಒಂದೇ ಫೈಲಲ್ಲಿ ಎರಡು ನಂಬರು, ಒಂದು ಏರಿದ್ರೆ ಖುಷಿ ಪಡ್ಬೇಕು ಇನ್ನೊಂದು ಏರಿದ್ರೆ ಅಳ್ಬೇಕು, ನನ್ನ ಗಂಡ ಒಂದ್ ಸಲ ಉಲ್ಟಾ ತಿಳ್ಕೊಂಡು ದಾರಿ ಉದ್ದಕ್ಕೂ ಮುಖ ಸಪ್ಪಗೆ ಮಾಡ್ಕೊಂಡು ಬಂದ್ರು.

ಸರಿ, ಮೂರೂವರೆ ಸ್ಟಾರ್ ಯಾಕೆ ಕೊಟ್ಟೆ ಅಂತ ಈಗ ಹೇಳ್ತೀನಿ, ಇಲ್ಲೀವರೆಗೆ ಓದಿದ್ರೆ ಒಂದೂವರೆಗೂ ಲಾಯಕ್ಕಿಲ್ಲ ಅನ್ಸಿರುತ್ತೆ.

ಅವಳಿಗೆ ಒಂಬತ್ತು ನಡೀತಿದ್ದಾಗ ಹೊಸ ಕ್ಲಿನಿಕ್ಕಲ್ಲಿ ಮೊದಲ ಸಲ ಇಬ್ಬರನ್ನೂ ಬೇರೆ ಬೇರೆ ಬೆಂಚಲ್ಲಿ ಕೂರಿಸಿ ತುಂಬಿಸಿದ್ರು. "ಅಮ್ಮ ಏನ್ ಹಾಕ್ಲಿ" ಅಂತ ಎರಡು ಸಲ ಕೂಗಿದ್ಲು, ನರ್ಸಮ್ಮ ಬಿಡ್ಲಿಲ್ಲ. ದೇಹದ ಎಂಟು ಪ್ರಶ್ನೆಲಿ ನಾನು ಕೊಟ್ಟಿದ್ದು ಲೆಕ್ಕ ಹಾಕಿದ್ರೆ 25 ಬಂತು, ಅವಳು ಕೊಟ್ಟಿದ್ದು 65.6. ಒಂದೇ ಮಗು, ಒಂದೇ ತಿಂಗಳು, ನಲವತ್ತು ಮಾರ್ಕ್ಸ್ ಫರಕ್ಕು. ಅವಳಿಗೆ ಅರ್ಥ ಆಗಿಲ್ಲ ಅಂದ್ಕೊಂಡೆ ನಾನು, ಹಳೇ ನಗೋ ಮುಖದ ಕಥೆನೇ ಅಂತ. ಡಾಕ್ಟರ್ ಎರಡೂ ಹಾಳೆ ಪಕ್ಕ ಪಕ್ಕ ಇಟ್ಕೊಂಡು ಬೆರಳಿಟ್ಟು ಒಂದೊಂದೇ ಸಾಲು ನೋಡ್ತಾ ಹೋದ್ರು. ಓಡೋದು ಅನ್ನೋ ಸಾಲಲ್ಲಿ ನಿಂತ್ರು. ನಾನು 4 ಹಾಕಿದ್ದೆ, ಅವಳು 0.

"ಪುಟ್ಟಾ, ಓಡೋಕೆ ಕಷ್ಟ ಆಗಲ್ವಾ ನಿಂಗೆ?"

"ಇಲ್ಲ ಡಾಕ್ಟ್ರೇ."

"ಅಮ್ಮ ಕಷ್ಟ ಅಂತ ಹಾಕಿದಾರಲ್ಲ?"

"ನಾನು ಓಡೋದೇ ಇಲ್ವಲ್ಲ."

"ಮತ್ತೆ ಪೀಟಿ ಪೀರಿಯಡ್ಡಲ್ಲಿ ಏನ್ ಮಾಡ್ತೀಯ?"

"ಬ್ಯಾಗ್ ಕಾಯ್ತೀನಿ. ಎಲ್ಲರ ವಾಟರ್ ಬಾಟ್ಲೂ ನಾನೇ ಕಾಯೋದು."

"ಯಾರು ಹಂಗೆ ಹೇಳಿದ್ದು?"

"ಮಿಸ್ಸು. ಅಮ್ಮ ಲೆಟರ್ ಕೊಟ್ಟಿದ್ರಲ್ಲ."

ಲೆಟರ್ ನಾನೇ ಕೊಟ್ಟಿದ್ದು. ಎರಡು ವರ್ಷದ ಹಿಂದೆ, ಕಾಯಿಲೆ ಜೋರಾಗಿದ್ದಾಗ, ಮಗುವನ್ನ ಆಟಕ್ಕೆ ಬಿಡಬೇಡಿ ಅಂತ ಬರೆದು ಹೆಡ್ ಮಿಸ್ ಕೈಗೆ ಕೊಟ್ಟು ಬಂದಿದ್ದೆ, ಆಮೇಲೆ ಮರ್ತೇ ಹೋಗಿತ್ತು. ಸ್ಕೂಲಿನವರು ಮರ್ತಿರ್ಲಿಲ್ಲ. ಎರಡು ವರ್ಷ ಅವಳು ಗ್ರೌಂಡ್ ಪಕ್ಕದ ಗೋಡೆಗೆ ಒರಗಿಕೊಂಡು ಬ್ಯಾಗ್ ಕಾದಿದಾಳೆ. ಓಡೋದನ್ನ ಬಿಟ್ಟವರಿಗೆ ಓಡೋ ಕಷ್ಟ ಇರಲ್ಲ, ಅದಕ್ಕೇ 0, ಅದಕ್ಕೇ 100 ಮಾರ್ಕ್ಸು. ಡಾಕ್ಟರ್ ನನಗೆ ಬೈಲಿಲ್ಲ, ಬೈದಿದ್ರೆ ಸಮಾಧಾನ ಆಗ್ತಿತ್ತೇನೋ. ಈ ಕಾಯಿಲೆಲಿ ಮಕ್ಕಳನ್ನ ಕೂರಿಸಿಬಿಟ್ರೆ ಸ್ನಾಯು ಸೊರಗುತ್ತೆ, ಕೀಲು ಇನ್ನೂ ಬಿಗಿಯಾಗುತ್ತೆ, ಆಗೋಷ್ಟು ಆಡ್ಲಿ, ನೋವು ಬಂದ್ರೆ ನಿಲ್ಲಿಸ್ಲಿ ಅಂತ ಹೇಳಿ ಅವರ ಲೆಟರ್‌ಹೆಡ್ಡಲ್ಲೇ ಹೊಸ ಲೆಟರ್ ಬರೆದುಕೊಟ್ರು.

ಅದೇ ದಿನ ಇನ್ನೊಂದು ಸಾಲು, ಉಲ್ಟಾ. ನಿದ್ದೆಗೆ ತೊಂದ್ರೆನಾ ಅನ್ನೋದಕ್ಕೆ ನಾನು ಧೈರ್ಯವಾಗಿ 0 ಹಾಕಿದ್ದೆ, ಮಗು ಒಂಬತ್ತಕ್ಕೆ ಮಲಗುತ್ತೆ, ನಾನೇ ಲೈಟ್ ಆಫ್ ಮಾಡೋದು. ಅವಳು 3 ಹಾಕಿದ್ಲು. ವಿಷಯ ಏನಂದ್ರೆ ಭಾನುವಾರ ಬೆಳಿಗ್ಗೆ ಮೆಥೊಟ್ರೆಕ್ಸೇಟ್ ಮಾತ್ರೆ, ಆ ಹಳದಿ ಬಣ್ಣ ನೆನೆಸ್ಕೊಂಡ್ರೇ ವಾಂತಿ ಬಂದಂಗಾಗುತ್ತೆ ಅಂತ ಗುರುವಾರದಿಂದಲೇ ರಾತ್ರಿ ಕಣ್ಣು ಬಿಟ್ಕೊಂಡು ಮಲಗ್ತಿದ್ಲಂತೆ. ಹಳದಿ ಅಂತ ಮಾವಿನಹಣ್ಣಿನ ಜ್ಯೂಸ್ ಕೂಡ ಬಿಟ್ಟಿದ್ಲು, ನಾನು ಅದನ್ನ ಕೊಬ್ಬು ಅಂದ್ಕೊಂಡಿದ್ದೆ. ಇದು ಈ ಔಷಧಿ ತಗೊಳೋ ಎಷ್ಟೋ ಮಕ್ಕಳಿಗೆ ಆಗುತ್ತೆ, ನುಂಗೋಕೆ ಮುಂಚೆನೇ ಓಕರಿಕೆ ಬರುತ್ತೆ ಅಂತ ಡಾಕ್ಟರ್ ಹೇಳಿದ್ರು. ಮಾತ್ರೆ ಶನಿವಾರ ರಾತ್ರಿ ಊಟ ಆದ್ಮೇಲೆ ಅಂತ ಮಾಡಿದ್ರು, ಅದಕ್ಕೆ ಮುಂಚೆ ವಾಂತಿಗೆ ಒಂದು ಮಾತ್ರೆ. ನಿಮ್ಮ ಮಗುಗೆ ಏನು ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ನನ್ನ ರಿವ್ಯೂ ನೋಡಿ ಬದಲಾಯಿಸಬೇಡಿ.

ಹಂಗಾಗಿ ಈ ಪ್ರಾಡಕ್ಟಲ್ಲಿ ಬೆಲೆ ಇರೋದು ಕೊನೇಲಿ ಬರೋ ನಂಬರಿಗೆ ಅಲ್ಲ, ಎರಡು ಹಾಳೆ ಎಲ್ಲಿ ಜಗಳ ಆಡ್ತಾವೋ ಅಲ್ಲಿಗೆ. ಅದನ್ನ ಬೆರಳಿಟ್ಟು ನೋಡೋ ಡಾಕ್ಟರ್ ಸಿಕ್ಕಿದ್ರೆ ಐದು ಸ್ಟಾರ್. ಹಿಂದಿನ ಕಡೆ ಇದೇ ಫಾರ್ಮನ್ನ ಯಾರದ್ದೋ ಪೀಜಿ ಥೀಸಿಸ್‌ಗೆ ಅಂತ ತುಂಬಿಸ್ಕೊಂಡ್ರು, ಸೈನ್ ಹಾಕಿಸ್ಕೊಂಡ್ರು, ಫೈಲಿಗೆ ಪಂಚ್ ಮಾಡಿದ್ರು, ಮಾರ್ಕ್ಸ್ ಎಷ್ಟು ಅಂತ ಕೇಳಿದ್ರೆ "ಅದು ನಿಮಗಲ್ಲಮ್ಮ, ಸ್ಟಡಿಗೆ" ಅಂದ್ರು. ಆ ಸರ್ವಿಸ್‌ಗೆ ಸೊನ್ನೆ. ನಾನೂ ಸುಮ್ಮನೆ ಬಂದೆ, ಆಗ ಇಷ್ಟು ಬಾಯಿ ಬಂದಿರ್ಲಿಲ್ಲ.

ಸ್ಕೂಲ್ ಗುಂಪಿನ ಬಗ್ಗೆ ಒಂದು ತಕರಾರು ಇದೆ. ಐದರಲ್ಲಿ ಎರಡು ಪ್ರಶ್ನೆ ರಜೆದೇ, ಹುಷಾರಿಲ್ದೆ ರಜೆ ಹಾಕಿದ್ದು ಒಂದು, ಆಸ್ಪತ್ರೆಗೆ ಹೋಗೋಕೆ ರಜೆ ಹಾಕಿದ್ದು ಒಂದು. ನಮ್ಮ ಊರಿಂದ ಬೆಂಗಳೂರಿಗೆ ಒಂದು ಅಪಾಯಿಂಟ್ಮೆಂಟ್ ಅಂದ್ರೆ ಹಿಂದಿನ ದಿನ ಅರ್ಧ ಸ್ಕೂಲು, ಆ ದಿನ ಪೂರ್ತಿ, ಮಾರನೇ ದಿನ ಸುಸ್ತು. ಮಧ್ಯೆ ರಕ್ತ ಪರೀಕ್ಷೆಗೆ ಹಾಸನ, ಕಣ್ಣಿಗೆ ಇನ್ನೊಂದು ದಿನ. ಆ ಸಾಲಿಗೆ ನಾವು ಯಾವಾಗ್ಲೂ 4, ಅಂದ್ರೆ ಸೊನ್ನೆ ಮಾರ್ಕ್ಸು, ಕೀಲು ಚೆನ್ನಾಗಿದ್ರೂ ಸೊನ್ನೆನೇ. ಕ್ಲಿನಿಕ್ ಪಕ್ಕದ ರೋಡಲ್ಲಿ ಮನೆ ಇರೋ ಮಗುಗೆ ಅದು 1. ಕಾಯಿಲೆ ಒಂದೇ, ಕೆಎಸ್ಸಾರ್ಟಿಸಿ ಟಿಕೆಟ್ ಬೇರೆ. ಮೊದಮೊದಲು ಇದು ಅನ್ಯಾಯ ಅನ್ಸ್ತಿತ್ತು, ಆಮೇಲೆ ಯೋಚಿಸಿದ್ರೆ ಅದೂ ಅವಳ ಬದುಕಿನ ಭಾಗನೇ ತಾನೇ, ಬರೀಲಿ ಬಿಡಿ ಅನ್ಸುತ್ತೆ. ಇನ್ನೂ ಇತ್ಯರ್ಥ ಆಗಿಲ್ಲ ನನಗೆ.

ಬಸ್ ಅಂದಾಗ ನೆನಪಾಯ್ತು. ಬೆಳಿಗ್ಗೆ ಐದರ ಬಸ್ ಹತ್ತಿ ಗಂಟೆಗಟ್ಲೆ ಮಡಚ್ಕೊಂಡು ಕೂತು ಮೆಜೆಸ್ಟಿಕ್ಕಲ್ಲಿ ಇಳಿಯೋ ಹೊತ್ತಿಗೆ ಅವಳ ಕಾಲು ಕಟ್ಟಿಗೆ ಆಗಿರುತ್ತೆ. ಹಂಗೇ ಹೋಗಿ ಫಾರ್ಮ್ ತುಂಬಿದ್ರೆ ಇಡೀ ತಿಂಗಳು ಹಾಳು ಅಂತ ಬರೀತಾಳೆ, ಪ್ರಶ್ನೆ ಒಂದು ತಿಂಗಳಿಂದು, ಉತ್ತರ ಆ ಬೆಳಗಿಂದು. ಅದಕ್ಕೆ ನಾವು ಈಗ ಮೊದಲು ಇಡ್ಲಿ ತಿನ್ಸಿ, ಕಾರಿಡಾರಲ್ಲಿ ಹತ್ತು ನಿಮಿಷ ಓಡಾಡ್ಸಿ, ಆಮೇಲೆ ಪೆನ್ನು ಕೊಡೋದು. ಒಂದು ತಿಂಗಳು ಅಂದ್ರೆ ಅವಳಿಗೆ ಅಂದಾಜಾಗಲ್ಲ, ಗಣಪತಿ ಬಿಟ್ಟ ದಿನದಿಂದ ಇಲ್ಲೀವರೆಗೆ, ಇಲ್ಲಾ ಅಣ್ಣನ ಬರ್ತ್‌ಡೇ ಆದ್ಮೇಲೆ ಅಂತ ಗುರುತು ಕೊಟ್ರೆ ಸರಿಯಾಗಿ ಹೇಳ್ತಾಳೆ. ಮತ್ತೆ ದಯವಿಟ್ಟು ಮಗುವಿನ ಹಾಳೆ ಇಣುಕಿ ನೋಡಬೇಡಿ. ನಾವು ನೋಡ್ತಿದೀವಿ ಅಂತ ಗೊತ್ತಾದ್ರೆ ನಮಗೆ ನೋವಾಗದ ಉತ್ತರ ಹಾಕ್ತಾವೆ ಈ ಮಕ್ಕಳು, ಅಷ್ಟು ಬುದ್ಧಿ ಇರುತ್ತೆ.

ಬೇರೆ ಐಟಂ ಜೊತೆ ಹೋಲಿಸಿ ಅಂತ ಕೇಳೋರಿಗೆ: ಇಕ್ಯೂ-5ಡಿ-ವೈ ಅಂತ ಒಂದಿದೆ, ಐದೇ ಪ್ರಶ್ನೆ, ಇವತ್ತು ಹೆಂಗಿದೀಯ ಅಂತ ಮಾತ್ರ ಕೇಳುತ್ತೆ, ಜೊತೆಗೆ 0ಯಿಂದ 100ರ ಒಂದು ಕಡ್ಡಿ, ಅದ್ರಲ್ಲಿ ಗುರುತು ಹಾಕೋದು. ಎರಡು ನಿಮಿಷದ ಕೆಲಸ, ಆದ್ರೆ ಬ್ಯಾಗ್ ಕಾಯೋ ವಿಷಯ ಅದ್ರಲ್ಲಿ ಹೊರಗೆ ಬರ್ತಿತ್ತಾ ಅಂದ್ರೆ ನನಗೆ ಡೌಟು. ಕ್ಯಾನ್ಸರ್ ಮಕ್ಕಳಿಗೆ ಲ್ಯಾನ್ಸ್ಕಿ ಸ್ಕೇಲ್ ಅಂತ 1987ರಿಂದ ಇದೆ, ಅದು ಮಗು ಎಷ್ಟು ಆಡುತ್ತೆ ಅನ್ನೋದರ ಮೇಲೇ 100ರವರೆಗೆ ಮಾರ್ಕ್ಸ್ ಕೊಡೋದು. ಮಕ್ಕಳ ಕೆಲಸ ಅಂದ್ರೆ ಆಟ ಅಂತ ಯಾರಿಗೋ ಹೊಳೆದಿದ್ದಕ್ಕೆ ಕೈ ಮುಗೀಬೇಕು. ಪೆಡ್ಸ್‌ಕ್ಯೂಎಲ್‌ದೇ ಕಾಯಿಲೆಗೆ ತಕ್ಕಂತೆ ಬೇರೆ ಬೇರೆ ಮಾಡ್ಯೂಲ್ ಇದಾವೆ, ಅಸ್ತಮಾಗೆ ಬೇರೆ, ಶುಗರ್‌ಗೆ ಬೇರೆ, ಕ್ಯಾನ್ಸರ್‌ಗೆ ಬೇರೆ. ಕೀಲು ಕಾಯಿಲೆದ್ರಲ್ಲಿ 22 ಪ್ರಶ್ನೆ, ನೋವು, ದಿನದ ಕೆಲಸ, ಔಷಧಿ ಕಾಟ, ಚಿಂತೆ, ಆಮೇಲೆ ಡಾಕ್ಟರ್ ಹತ್ರ ಮಾತಾಡೋಕೆ ಆಗುತ್ತಾ ಅನ್ನೋದು. ಈ ಕೊನೇದು ನನಗೆ ತುಂಬಾ ಹಿಡಿಸ್ತು. ನಮ್ಮ ಮಕ್ಕಳು ಡಾಕ್ಟರ್ ಮುಂದೆ ಎಲ್ಲಿ ಬಾಯಿ ಬಿಡ್ತಾವೆ, ನಾವೇ ಅಡ್ಡ ಬಾಯಿ ಹಾಕ್ತೀವಿ. ನಿಮ್ಮ ಕ್ಲಿನಿಕ್ಕಲ್ಲಿ 23ರದ್ದು ಮಾತ್ರ ಕೊಡ್ತಿದ್ರೆ ಮಾಡ್ಯೂಲ್ ಇದೆಯಾ ಅಂತ ಕೇಳಿ ನೋಡಿ.

ನಂಬರ್ ಹುಚ್ಚು ಇರೋರಿಗೆ ಇನ್ನೆರಡು ಮಾತು. ಅಮೆರಿಕದ ಮಕ್ಕಳ ಮೇಲೆ ಹಾಕಿದ ಲೆಕ್ಕದಲ್ಲಿ ಮಗುವಿನ ಹಾಳೆಲಿ ಒಟ್ಟು 69.7, ಅಪ್ಪ ಅಮ್ಮನ ಹಾಳೆಲಿ 65.4, ಇದಕ್ಕಿಂತ ಕೆಳಗೆ ಬಂದ್ರೆ ಗಮನ ಕೊಡಬೇಕು ಅಂತ ಗೆರೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸುಮಾರು ನಾಲ್ಕೂವರೆ ಮಾರ್ಕ್ಸ್ ವ್ಯತ್ಯಾಸ ಬಂದ್ರೆ ಅದಕ್ಕೆ ಅರ್ಥ ಇದೆ, ಒಂದೆರಡು ಆಚೆ ಈಚೆ ಆದ್ರೆ ತಲೆ ಕೆಡಿಸ್ಕೋಬೇಡಿ. ಆ ಗೆರೆ ಮುದ್ದೆ ತಿನ್ನೋ ಮಕ್ಕಳಿಗೆ ಎಷ್ಟು ಹೊಂದುತ್ತೆ ಅಂತ ತೂಗಿ ನೋಡ್ಕೊಂಡೇ ಓದ್ಕೋಬೇಕು. ನಾನಂತೂ ಅವಳ ಹಳೇ ಹಾಳೆಗೆ ಅವಳ ಹೊಸ ಹಾಳೆ ಹೋಲಿಸ್ತೀನಿ, ಪಕ್ಕದ ಬೆಂಚಿನ ಮಗುದಲ್ಲ. ಹಾಳೆ ಫೋಟೋ ತೆಗೆದು ಮೊಬೈಲಲ್ಲಿ ಇಟ್ಕೊಳಿ, ಫೈಲ್ ಕಳೆದುಹೋಗೋದು ಮಾಮೂಲಿ.

ಬ್ಯಾಗ್ ಕಾದ ತಿಂಗಳ ಅವಳ ಒಟ್ಟು 55.4. ಆರು ತಿಂಗಳಾದ್ಮೇಲೆ 63. ನೋವು ಕಮ್ಮಿ, ನಿದ್ದೆ 3 ಇದ್ದಿದ್ದು 1ಕ್ಕೆ ಇಳಿದಿತ್ತು, ಸಿಟ್ಟೂ ಸ್ವಲ್ಪ ಇಳಿದಿತ್ತು (ಅಜ್ಜಿ ಒಪ್ಪಲ್ಲ). ಒಂದೇ ಒಂದು ಸಾಲು ಕೆಳಗೆ ಬಿದ್ದಿತ್ತು. ಓಡೋದು. 0 ಇದ್ದಿದ್ದು 2 ಆಗಿತ್ತು, ಅಂದ್ರೆ 100ರಿಂದ 50ಕ್ಕೆ. ನನ್ನ ಎದೆ ಧಸಕ್ ಅಂತು, ಮಂಡಿ ಮತ್ತೆ ಊದ್ತೇನೋ ಅಂತ ಅಲ್ಲೇ ಪ್ಯಾಂಟ್ ಮೇಲೆತ್ತಿ ನೋಡಿದೆ. "ಅಯ್ಯೋ ಬಿಡಮ್ಮ, ಒಂದ್ ರೌಂಡ್ ಓಡಾದ್ಮೇಲೆ ನೋಯುತ್ತೆ, ಅದಕ್ಕೇ ಎರಡು ಹಾಕ್ದೆ" ಅಂದ್ಲು. ಡಾಕ್ಟರ್ ಆ ಸಾಲಿನ ಪಕ್ಕ ಪೆನ್ನಲ್ಲಿ ಒಂದು ರೈಟ್ ಮಾರ್ಕ್ ಹಾಕಿದ್ರು.

ವಾಪಸ್ ಬರೋವಾಗ ಬಸ್ಸಲ್ಲಿ ಕೇಳ್ದೆ, ಈಗ ಬ್ಯಾಗ್ ಯಾರು ಕಾಯ್ತಾರೆ ಪುಟ್ಟಿ ಅಂತ. ಯಾರೂ ಇಲ್ಲ, ಗೋಡೆ ಪಕ್ಕ ಸುಮ್ನೆ ಬಿದ್ದಿರ್ತಾವೆ ಅಂದು ಕಿಟಕಿ ಕಡೆ ತಿರುಗಿ ನಿದ್ದೆ ಹೋದ್ಲು.